ಮೀನುಮರಿಯ ಲೋಳೆ ಒರೆಸಬೇಡಿ

ನಮ್ಮದು ನಾಗಮಂಗಲ ತಾಲೂಕಿನ ಹೊಣಕೆರೆ ಹೋಬಳಿ. ರಾಗಿ, ಹುರುಳಿ, ಒಂದಿಷ್ಟು ತೆಂಗು ನಮ್ಮ ಬೆಳೆ. ಜಮೀನಿನ ತಗ್ಗಿನಲ್ಲಿ ಕೃಷಿಹೊಂಡ ಮಾಡಿಸಿದ ಮೇಲೆ, ಆರೇಳು ತಿಂಗಳು ನಿಲ್ಲುವ ನೀರನ್ನು ಸುಮ್ಮನೆ ಯಾಕೆ ಬಿಡಬೇಕು ಎಂದು ಮೀನು ಬಿಡುವ ಮನಸ್ಸಾಯಿತು. ಕಟ್ಲಾ, ರೋಹು, ಸಾಮಾನ್ಯ ಗೆಂಡೆ ಸೇರಿ ಐನೂರು ಮರಿ ತಂದೆ. ಬೆರಳುದ್ದದ ಮರಿ, ನೋಡಲು ಚೆನ್ನಾಗಿಯೇ ಇದ್ದವು.

ನಾನು ಮಾಡಿದ ತಪ್ಪು ಅಲ್ಲಿಂದಲೇ ಶುರು. ಲೆಕ್ಕ ಸರಿಯಿದೆಯಾ ನೋಡೋಣ ಎಂದು ಮರಿಗಳನ್ನು ಒಣಗಿದ ಗೋಣಿತಾಟಿನ ಮೇಲೆ ಸುರಿದು, ಒಣಗೈಯಲ್ಲಿ ಒಂದೊಂದಾಗಿ ಎಣಿಸಿ ಹೊಂಡಕ್ಕೆ ಹಾಕಿದೆ. ಜಾರುತ್ತವೆ ಅಂತ ಕೆಲವನ್ನು ಟವೆಲಿನಲ್ಲಿ ಹಿಡಿದದ್ದೂ ಉಂಟು. ಮೂರನೇ ದಿನ ಮೈಮೇಲೆ ಬಿಳಿ ಮಚ್ಚೆ ಕಾಣಿಸಿತು. ಐದನೇ ದಿನಕ್ಕೆ ಬಾಲ, ರೆಕ್ಕೆ ಹರಿದ ಬಟ್ಟೆಯಂತಾದವು. ವಾರ ಕಳೆಯುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಮರಿ ತೇಲಿದವು.

ಮರಿಯೇ ಸರಿಯಿರಲಿಲ್ಲ ಎಂದು ಕೊಟ್ಟವರನ್ನು ಬೈಯುತ್ತಿದ್ದೆ. ಕೆರೆಯಲ್ಲಿ ಬಲೆ ಬಿಡುವ ಹಿರಿಯರೊಬ್ಬರು ಬಂದು ನೋಡಿ, ನಡೆದದ್ದನ್ನೆಲ್ಲ ಕೇಳಿ ಹೇಳಿದರು: “ಮಗಾ, ಮರಿದಲ್ಲ ತಪ್ಪು. ಲೋಳೆ ಒರ್ಸಿ ನೀರಿಗ್ ಬಿಟ್ಟಿದ್ದೀಯ. ಲೋಳೆ ಹೋದ್ ಮೀನು, ಬೇಲಿ ಕಿತ್ ಹೊಲ ಎರಡೂ ಒಂದೇ.”

ಆ ಮಾತಿನ ಬೆನ್ನು ಹತ್ತಿ, ತಿಳಿದವರನ್ನು ಕೇಳಿ, ಓದಿ ಕಂಡುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಲೋಳೆಯೊಳಗೆ ಸಕ್ಕರೆ

ಮಂಡ್ಯ ಸಕ್ಕರೆಯ ಜಿಲ್ಲೆ. ಮೀನಿನ ಮೈಮೇಲೂ ಸಕ್ಕರೆ ಇದೆ ಎಂದರೆ ನಗಬೇಡಿ. ಮೀನಿನ ಚರ್ಮದಲ್ಲಿ ಲೋಳೆ ಸುರಿಸುವ ಸಣ್ಣ ಜೀವಕೋಶಗಳಿವೆ. ಲೋಳೆಯ ಮುಖ್ಯ ವಸ್ತು ಮ್ಯೂಸಿನ್ ಎಂಬ ಪ್ರೋಟೀನು. ಈ ಪ್ರೋಟೀನಿನ ಎಳೆಗೆ ಉದ್ದಕ್ಕೂ ಸಕ್ಕರೆಯ ಸರಗಳು ಜೋತುಬಿದ್ದಿರುತ್ತವೆ. ನಾವು ಚಹಾಕ್ಕೆ ಹಾಕುವ ಸಕ್ಕರೆಯಲ್ಲ. ಗ್ಯಾಲಕ್ಟೋಸ್, ಫ್ಯೂಕೋಸ್, ಮ್ಯಾನೋಸ್ ಮುಂತಾದ ಬೇರೆ ಜಾತಿಯವು. ಸರದ ತುದಿಯಲ್ಲಿ ಹಲವು ಕಡೆ ಸಿಯಾಲಿಕ್ ಆಮ್ಲ ಎಂಬುದು ಕೂತಿರುತ್ತದೆ. ಲೋಳೆಯ ಕೆಳಗಿನ ಚರ್ಮದ ಮತ್ತು ಕಿವಿರಿನ ಜೀವಕೋಶಗಳ ಮೇಲೂ ಇಂಥ ಸಕ್ಕರೆಗಳೇ ಇವೆ.

ರೋಗಾಣು ಮೀನಿಗೆ ಕಾಯಿಲೆ ತರಬೇಕಾದರೆ ಮೊದಲು ಅಂಟಿಕೊಳ್ಳಬೇಕು. ಅಂಟದಿದ್ದರೆ ನೀರು ಅದನ್ನು ತೊಳೆದುಕೊಂಡು ಹೋಗುತ್ತದೆ. ಅಂಟುವುದಕ್ಕೆ ಬ್ಯಾಕ್ಟೀರಿಯಾದ ಮೈಮೇಲೆ ಕೂದಲಿನಂಥ ಎಳೆಗಳಿರುತ್ತವೆ, ಸಕ್ಕರೆಯನ್ನು ಹಿಡಿಯುವ ಪ್ರೋಟೀನುಗಳಿರುತ್ತವೆ. ಈ ಪ್ರೋಟೀನುಗಳಿಗೆ ಲೆಕ್ಟಿನ್ ಎಂದು ಹೆಸರು. ಬೀಗಕ್ಕೆ ತಕ್ಕ ಕೀಲಿ ಇದ್ದಂತೆ, ಒಂದೊಂದು ಲೆಕ್ಟಿನ್‌ಗೆ ಒಂದೊಂದು ಸಕ್ಕರೆ ಮಾತ್ರ ಒಗ್ಗುತ್ತದೆ. ನಮ್ಮ ಗೆಂಡೆಮೀನುಗಳಲ್ಲಿ ಬಾಲಕೊಳೆ, ಹುಣ್ಣು, ಹೊಟ್ಟೆ ಊದುವ ರೋಗ ತರುವ ಏರೋಮೊನಾಸ್ ಬ್ಯಾಕ್ಟೀರಿಯಾದಲ್ಲಿ ಕೆಲವು ತಳಿ ಮ್ಯಾನೋಸ್ ಹಿಡಿದರೆ ಕೆಲವು ಫ್ಯೂಕೋಸ್, ಇನ್ನು ಕೆಲವು ಗ್ಯಾಲಕ್ಟೋಸ್ ಹಿಡಿಯುತ್ತವೆ.

ಹುರುಳಿಯಲ್ಲೂ ಅದೇ ಹಿಡಿತ

ಲೆಕ್ಟಿನ್ ನಮಗೆ ಹೊಸದೇನಲ್ಲ, ಹೆಸರು ಗೊತ್ತಿರಲಿಲ್ಲ ಅಷ್ಟೆ. 1888ರಲ್ಲಿ ಮೊದಲು ಇದು ಕಂಡದ್ದು ಹರಳು ಬೀಜದಲ್ಲಿ. ನಮ್ಮ ಹೊಲದ ಹುರುಳಿಕಾಳಿನಲ್ಲೂ ಇದೆ. ಎ ಗುಂಪಿನ ರಕ್ತದಲ್ಲಿ ಎ1, ಎ2 ಎಂಬ ಒಳಗುಂಪುಗಳನ್ನು ಬೇರ್ಪಡಿಸಲು ರಕ್ತನಿಧಿಗಳಲ್ಲಿ ಬಳಸುವುದು ಹುರುಳಿಯ ಲೆಕ್ಟಿನ್ನೇ. ರಕ್ತಕಣದ ಮೇಲಿನ ಒಂದು ಸಕ್ಕರೆಯನ್ನು ಅದು ಹಿಡಿಯುತ್ತದೆ, ಕಣಗಳು ಮುದ್ದೆಗಟ್ಟುತ್ತವೆ. ಕಡಲೆಕಾಯಿಯ ಲೆಕ್ಟಿನ್ ಗ್ಯಾಲಕ್ಟೋಸ್ ಹಿಡಿಯುವಂಥದು. ಅದರ ರಚನೆಯನ್ನು ಬಿಡಿಸಿ 1994ರಲ್ಲಿ ಪ್ರಕಟಿಸಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ವಿಜಯನ್, ಎ. ಸುರೋಲಿಯಾ ಮತ್ತು ಸಂಗಡಿಗರು.

ಲೋಳೆ ಎಂಬ ಕಾವಲು

ಹಾಗಾದರೆ ಸಕ್ಕರೆ ತುಂಬಿದ ಲೋಳೆ ರೋಗಾಣುವಿಗೆ ಬಾಗಿಲು ತೆರೆದಂತಲ್ಲವೇ? ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ಮೀನು ಬುದ್ಧಿವಂತ. ಲೋಳೆ ಸದಾ ಒಸರುತ್ತಿರುತ್ತದೆ, ಸದಾ ಕಳಚುತ್ತಿರುತ್ತದೆ. ರೋಗಾಣು ಲೋಳೆಯ ಸಕ್ಕರೆಯನ್ನು ಹಿಡಿದುಕೊಂಡರೆ, ಲೋಳೆ ಕಳಚಿದಾಗ ಅದೂ ನೀರುಪಾಲು. ಜೊತೆಗೆ ಲೋಳೆಯಲ್ಲಿ ರೋಗಾಣುವಿನ ಗೋಡೆ ಒಡೆಯುವ ಲೈಸೋಜೈಮ್ ಇದೆ, ಮೀನಿನದೇ ಪ್ರತಿಕಾಯಗಳಿವೆ, ರೋಗಾಣುವನ್ನು ಹಿಡಿದು ಮುದ್ದೆಗಟ್ಟಿಸುವ ಮೀನಿನ ಸ್ವಂತ ಲೆಕ್ಟಿನ್‌ಗಳೂ ಇವೆ.

ಲೋಳೆ ಒರೆಸಿಹೋದರೆ ಈ ಏರ್ಪಾಡೇ ಇಲ್ಲ. ರೋಗಾಣು ನೇರ ಚರ್ಮದ ಸಕ್ಕರೆಗೆ ಕೈಹಾಕುತ್ತದೆ. ಚರ್ಮ ಕಳಚಿಹೋಗುವುದಿಲ್ಲ. ಹುರುಪೆ ಕಿತ್ತ ಕಡೆ, ಗೀಚಿದ ಕಡೆ ಅದರ ಕೆಲಸ ಇನ್ನೂ ಸಲೀಸು. ನನ್ನ ಗೋಣಿತಾಟು ಮಾಡಿದ್ದು ಇದನ್ನೇ.

ಈ ಹಿಡಿತ ಯಾವಾಗಲೂ ರೋಗಾಣುವಿನದೇ ಆಗಿರಬೇಕೆಂದಿಲ್ಲ. ಕಿವಿರು ಕೊಳೆಸುವ, ಮೈಮೇಲೆ ಬಿಳಿ ಮಚ್ಚೆ ತರುವ ಕಾಲಮ್ನೇರಿಸ್ ಎಂಬ ರೋಗದ ಬಗ್ಗೆ ಅಮೆರಿಕದವರು ಅಲ್ಲಿನ ಬೆಕ್ಕುಮೀನಿನಲ್ಲಿ ಕೆಲಸ ಮಾಡಿ 2012ರಲ್ಲಿ ಪ್ರಕಟಿಸಿದರು. ಆ ಮೀನಿನ ಕಿವಿರಿನಲ್ಲಿರುವ ಒಂದು ಲೆಕ್ಟಿನ್ನೇ ರೋಗಾಣುವಿಗೆ ಹಿಡಿಕೆಯಾಗುವಂತೆ ಕಂಡಿತು. ಆ ಲೆಕ್ಟಿನ್‌ಗೆ ಒಗ್ಗುವ ರಾಮ್ನೋಸ್ ಸಕ್ಕರೆಯನ್ನು ಮೊದಲೇ ಕೊಟ್ಟಾಗ ಮೀನುಗಳಿಗೆ ರಕ್ಷಣೆ ಸಿಕ್ಕಿತು. ಹಿಡಿಕೆ ಮೊದಲೇ ತುಂಬಿಹೋಗಿದ್ದರಿಂದ ರೋಗಾಣುವಿಗೆ ಜಾಗ ಸಿಗಲಿಲ್ಲ.

ಹೊಂಡಕ್ಕೆ ಬೆಲ್ಲ ಸುರಿಯಬೇಡಿ

ಇದನ್ನು ಹೇಳಿದಾಗ ನಮ್ಮ ಭಾವ, “ಹಂಗಾರೆ ಆಲೆಮನೆಯಿಂದ ಎರಡು ಅಚ್ಚು ಬೆಲ್ಲ ತಂದು ಹಾಕೋಣ ಬಿಡು” ಅಂದರು. ದಯವಿಟ್ಟು ಆ ಕೆಲಸ ಮಾಡಬೇಡಿ. ಅಲ್ಲಿ ಪರೀಕ್ಷೆ ನಡೆದದ್ದು ತೊಟ್ಟಿಯಲ್ಲಿ, ಅಳತೆಯಿಂದ, ಬೇರೆ ಜಾತಿಯ ಸಕ್ಕರೆಯಲ್ಲಿ. ಹೊಂಡಕ್ಕೆ ಬೆಲ್ಲ ಬಿದ್ದರೆ ಕಂಡಕಂಡ ಬ್ಯಾಕ್ಟೀರಿಯಾ ಅದನ್ನು ತಿಂದು ಬೆಳೆದು ನೀರಿನ ಆಮ್ಲಜನಕ ಮುಗಿಸುತ್ತವೆ. ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಿಡುತ್ತವೆ.

ಆ್ಯಂಟಿಬಯೋಟಿಕ್ ಪುಡಿ ಎರಚುವುದೂ ಬೇಡ. ಕ್ಲೋರಾಂಫೆನಿಕಾಲ್, ನೈಟ್ರೋಫ್ಯೂರಾನ್ ಜಾತಿಯ ಔಷಧಿಗಳು ಮೀನು ಸಾಕಣೆಯಲ್ಲಿ ನಿಷಿದ್ಧ.

ಈಗ ನಾನು ಮಾಡುವುದು

ಮರಿ ಬಿಡುವುದು ಬೆಳಿಗ್ಗೆ ಅಥವಾ ಸಂಜೆ, ತಂಪು ಹೊತ್ತಿನಲ್ಲಿ. ಚೀಲವನ್ನು ಬಾಯಿ ಬಿಚ್ಚದೆ 15-20 ನಿಮಿಷ ಹೊಂಡದಲ್ಲಿ ತೇಲಿಬಿಡುತ್ತೇನೆ. ಆಮೇಲೆ ಹೊಂಡದ ನೀರನ್ನು ಸ್ವಲ್ಪ ಸ್ವಲ್ಪವಾಗಿ ಚೀಲಕ್ಕೆ ಬೆರೆಸುತ್ತೇನೆ.

ಎಣಿಸುವುದಿದ್ದರೆ ನೀರಿನಲ್ಲೇ, ಲೋಟದ ಲೆಕ್ಕದಲ್ಲಿ. ಕೈ ಒದ್ದೆಯಾಗಿರಬೇಕು. ಗೋಣಿ, ಟವೆಲು ಹತ್ತಿರ ಸುಳಿಯಕೂಡದು. ಬಲೆ ಗಂಟಿಲ್ಲದ ಮೆತ್ತನೆಯದು.

ಬಿಡುವ ಮೊದಲು ಉಪ್ಪುನೀರಿನ ಸ್ನಾನ: ಲೀಟರ್ ನೀರಿಗೆ 20-30 ಗ್ರಾಂ ಅಡುಗೆ ಉಪ್ಪು, ಒಂದೆರಡು ನಿಮಿಷ ಮಾತ್ರ. ಎದುರಲ್ಲೇ ನಿಂತು ನೋಡಿ. ಯಾವುದಾದರೂ ಮರಿ ಮಗುಚಿದರೆ ಆ ಕ್ಷಣವೇ ಎಲ್ಲವನ್ನೂ ತೆಗೆದು ಒಳ್ಳೆ ನೀರಿಗೆ ಬಿಡಿ.

ಜಾಗಕ್ಕಿಂತ ಹೆಚ್ಚು ಮರಿ ಬಿಡುವುದಿಲ್ಲ. ಇಕ್ಕಟ್ಟಾದರೆ ಮೈಗೆ ಮೈ ಉಜ್ಜುತ್ತವೆ, ನೀರು ಕೆಡುತ್ತದೆ. ಕೆಟ್ಟ ನೀರೂ ಲೋಳೆಯ ಶತ್ರುವೇ. ಸತ್ತ ಮೀನನ್ನು ಕೆರೆಗೆ ಎಸೆಯದೆ ಸುಣ್ಣ ಹಾಕಿ ಹೂಳುತ್ತೇನೆ.

ಇಷ್ಟಾಗಿಯೂ ರೋಗ ಬಂದರೆ, ಸತ್ತು ನಾರುವ ಮೀನನ್ನಲ್ಲ, ಜೀವವಿರುವ ರೋಗದ ಮೀನನ್ನೇ ಮೀನುಗಾರಿಕೆ ಇಲಾಖೆಯ ತಾಲೂಕು ಕಚೇರಿಗೆ ಒಯ್ದು ತೋರಿಸಿ. ನಮ್ಮ ರಾಜ್ಯಕ್ಕೆ ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕೆ ಕಾಲೇಜಿದೆ. ದೇಶದಲ್ಲೇ ಮೊದಲನೆಯದು. ಕೇಳಿದರೆ ಹೇಳುವವರಿದ್ದಾರೆ, ನಾವು ಕೇಳಬೇಕು ಅಷ್ಟೆ.

ಎರಡನೇ ವರ್ಷ ಹೀಗೆ ಮಾಡಿ ಬಿಟ್ಟ ಐನೂರು ಮರಿಯಲ್ಲಿ ಮೊದಲ ವಾರ ತೇಲಿದ್ದು ಹತ್ತೋ ಹನ್ನೆರಡೋ. ಇದು ಪ್ರಯೋಗವಲ್ಲ, ಒಬ್ಬ ರೈತನ ಒಂದು ಹೊಂಡದ ಅನುಭವ. ನೀರು, ಮರಿ, ಹವೆ ಎಲ್ಲವೂ ವರ್ಷದಿಂದ ವರ್ಷಕ್ಕೆ ಬೇರೆಯೇ. ಆದರೆ ಒದ್ದೆ ಕೈ ಮಾಡಿಕೊಳ್ಳುವುದಕ್ಕೆ ಕಾಸೇನೂ ಖರ್ಚಿಲ್ಲ. ಮೀನು ಕೈಯಿಂದ ಜಾರಿದರೆ ಬೈಯಬೇಡಿ. ಜಾರುವಷ್ಟು ಲೋಳೆ ಇದೆಯೆಂದರೆ ಅದರ ಬೇಲಿ ಗಟ್ಟಿಯಾಗಿದೆ ಎಂದೇ ತಿಳಿಯಿರಿ.