ಗ್ಯಾಸ್ ಹೋಯಿತು ಸರಿ, ಎಲ್ಲಿಂದ ಹೋಯಿತು?

‘ಅಣ್ಣ, ಎಸಿ ಕೂಲಿಂಗೇ ಇಲ್ಲ, ಒಂಚೂರು ಗ್ಯಾಸ್ ಹಾಕ್ಬಿಡಿ.’ ಬಿಸಿಲು ಏರುತ್ತಿದ್ದಂತೆ ಹುಣಸೂರು, ಪಿರಿಯಾಪಟ್ಟಣದ ಗ್ಯಾರೇಜುಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಮಾತಿದು. ಕೇಳಿದವರಿಗೆ ಗ್ಯಾಸ್ ಹಾಕಿಯೂ ಕೊಡುತ್ತಾರೆ. ಕೆಲವು ವಾರ ಗಾಡಿ ತಣ್ಣಗಿರುತ್ತದೆ, ಆಮೇಲೆ ಅದೇ ಗೋಳು. ಎಷ್ಟೋ ಹಳೆಯ ವ್ಯಾನುಗಳ ಕಂಪ್ರೆಸರ್ ಹಾಳಾಗಲು ಈ ‘ಒಂಚೂರು ಗ್ಯಾಸ್’ ಕಾರಣ.

ನಮ್ಮ ಭಾಗದಲ್ಲಿ ಹಳೆಯ ವ್ಯಾನಿಗೆ ಇಂದಿಗೂ ಕೈತುಂಬ ಕೆಲಸವಿದೆ. ಕ್ವಾಲಿಸ್ 2000ದಲ್ಲಿ ಬಂದು 2005ರಲ್ಲಿ ನಿಂತಿತು, ಅದರ ಜಾಗಕ್ಕೆ ಇನ್ನೋವಾ ಬಂತು. 2004ರಲ್ಲಿ ಬಂದ ಟವೇರಾ ತಯಾರಿಸಿದ ಕಂಪನಿ 2017ರಲ್ಲಿ ಭಾರತದಲ್ಲಿ ಮಾರಾಟವನ್ನೇ ಬಿಟ್ಟಿತು. ಆದರೂ ಕೆ.ಆರ್.ನಗರದಿಂದ ಮೈಸೂರಿನ ಆಸ್ಪತ್ರೆಗೆ, ಪಿರಿಯಾಪಟ್ಟಣದಿಂದ ಧರ್ಮಸ್ಥಳಕ್ಕೆ, ಮೈಸೂರಿನಿಂದ ಎಚ್.ಡಿ.ಕೋಟೆ ದಾಟಿ ಕಬಿನಿ ಸಫಾರಿಗೆ ಎಂಟು ಜನರನ್ನು ಹೊತ್ತು ಓಡುವವು ಇವೇ. ಹಿಂದಿನ ಸೀಟಿನಲ್ಲಿ ಕೂರುವವರು ಮಕ್ಕಳು, ಮುದುಕರು, ಡಯಾಲಿಸಿಸ್ ಮುಗಿಸಿ ಬರುವ ರೋಗಿಗಳು. ಅವರಿಗೆ ಎಸಿ ಶೋಕಿಯ ವಸ್ತುವಲ್ಲ.

ಎಸಿಯ ಗ್ಯಾಸ್ ಡೀಸೆಲ್‌ನಂತೆ ಉರಿದು ಖರ್ಚಾಗುವುದಿಲ್ಲ. ಕಂಪ್ರೆಸರ್ ಅದನ್ನು ಒತ್ತುತ್ತದೆ. ರೇಡಿಯೇಟರ್ ಮುಂದಿರುವ ಕಂಡೆನ್ಸರ್‌ನಲ್ಲಿ ಅದು ಬಿಸಿ ಕಳೆದುಕೊಂಡು ದ್ರವವಾಗುತ್ತದೆ. ಎಕ್ಸ್‌ಪ್ಯಾನ್ಷನ್ ವಾಲ್ವ್ ದಾಟಿ ಕೂಲಿಂಗ್ ಕಾಯಿಲ್‌ನಲ್ಲಿ ಹಿಗ್ಗಿ, ಗಾಡಿಯೊಳಗಿನ ಬಿಸಿಯನ್ನು ಹೀರಿ ಮತ್ತೆ ಕಂಪ್ರೆಸರ್‌ಗೆ ಮರಳುತ್ತದೆ. ಕಂಪ್ರೆಸರ್‌ಗೆ ಬೇಕಾದ ಎಣ್ಣೆಯೂ ಇದೇ ಗ್ಯಾಸಿನ ಜೊತೆ ಸುತ್ತುತ್ತಿರುತ್ತದೆ. ಗ್ಯಾಸ್ ಕಡಿಮೆಯಾದಷ್ಟೂ ಎಣ್ಣೆ ಸರಿಯಾಗಿ ಮರಳುವುದಿಲ್ಲ, ಲೋಹಕ್ಕೆ ಲೋಹ ಉಜ್ಜುತ್ತದೆ. ಕೊನೆಗೆ ಕಂಪ್ರೆಸರ್ ಜಾಮ್ ಆದಾಗ ಅದರ ಲೋಹದ ಪುಡಿ ಕಂಡೆನ್ಸರ್ ತನಕ ಹರಡಿರುತ್ತದೆ. ಪೈಪುಗಳನ್ನು ತೊಳೆಯದೆ, ತೇವ ಹೀರುವ ಡ್ರೈಯರ್ ಬದಲಿಸದೆ ಹೊಸ ಕಂಪ್ರೆಸರ್ ಕೂರಿಸಿದರೆ ಅದೂ ಹೆಚ್ಚು ದಿನ ಬಾಳುವುದಿಲ್ಲ.

ಹಾಗಾಗಿ ಮೊದಲು ಹುಡುಕಬೇಕಾದದ್ದು ಲೀಕು. ಇದರಲ್ಲಿ ನಮ್ಮ ಕೆಂಪು ಧೂಳು ಒಂದು ಉಪಕಾರ ಮಾಡುತ್ತದೆ. ಗ್ಯಾಸ್ ಸೋರುವ ಕಡೆ ಎಣ್ಣೆಯೂ ಜಿನುಗುತ್ತದೆ, ಆ ಜಿಡ್ಡಿಗೆ ಧೂಳು ಅಂಟುತ್ತದೆ. ಪೈಪ್ ಸೇರುವ ಕಡೆ, ಕಂಪ್ರೆಸರ್ ಮೂತಿಯಲ್ಲಿ, ಕಂಡೆನ್ಸರ್ ಮೂಲೆಯಲ್ಲಿ ಹೆಪ್ಪುಗಟ್ಟಿದ ಕಪ್ಪು ಕೆಸರು ಕಂಡರೆ ಅಲ್ಲಿಂದಲೇ ತಪಾಸಣೆ ಶುರುವಾಗಲಿ. ಹಿಂದಿನ ಸೀಟಿಗೂ ಎಸಿ ಇರುವ ವ್ಯಾನುಗಳಲ್ಲಿ ಎರಡು ಕಾಯಿಲ್, ಎರಡು ವಾಲ್ವ್ ಇರುತ್ತವೆ, ಹಿಂಭಾಗದ ತನಕ ಉದ್ದದ ಅಲ್ಯೂಮಿನಿಯಂ ಪೈಪುಗಳು ಹೋಗಿರುತ್ತವೆ. ಗಾಡಿಯ ಹೊಟ್ಟೆಯ ಕೆಳಗೆ ಹಾದುಹೋಗುವ ಕಡೆ ಅವಕ್ಕೆ ಕಲ್ಲೇಟು, ಮಳೆಗಾಲದ ಕೆಸರು, ಕ್ಲಾಂಪಿನ ಉಜ್ಜಾಟ ತಪ್ಪಿದ್ದಲ್ಲ. ಮುಂದಿನ ಬಾನೆಟ್ ಎತ್ತಿ ನೋಡಿ ‘ಲೀಕಿಲ್ಲ’ ಎನ್ನುವ ಮೆಕ್ಯಾನಿಕ್ಕನ ಮಾತನ್ನು ಒಪ್ಪಬೇಡಿ, ಗಾಡಿ ಎತ್ತಿಸಿ ಕೆಳಗೆ ನೋಡಿಸಿ. ಕಣ್ಣಿಗೆ ಕಾಣದಿದ್ದರೆ ನೈಟ್ರೋಜನ್ ತುಂಬಿಸಿ ಸೋಪಿನ ನೀರು ಹಚ್ಚಿದಾಗ ಗುಳ್ಳೆ ಎದ್ದು ಗುಟ್ಟು ಬಯಲಾಗುತ್ತದೆ. ಎಷ್ಟೋ ಸಲ ಕೊನೆಗೆ ಸಿಗುವುದು ಒಣಗಿ ಬಿರುಕುಬಿಟ್ಟ ಒಂದು ರಬ್ಬರ್ ರಿಂಗ್.

ಗ್ಯಾಸಿಗೆ ಸಂಬಂಧವೇ ಇಲ್ಲದ ತೊಂದರೆಗಳೂ ಇವೆ. ಹುಣಸೂರು ಪೇಟೆಯಲ್ಲಿ ನಿಂತಾಗ ಬಿಸಿಗಾಳಿ, ಹೆದ್ದಾರಿಗೆ ಬಿದ್ದ ಕೂಡಲೇ ತಂಪು ಎಂದಾದರೆ ಫ್ಯಾನ್ ಸರಿಯಾಗಿ ತಿರುಗುತ್ತಿಲ್ಲ, ಇಲ್ಲವೇ ಕಂಡೆನ್ಸರ್ ಕಟ್ಟಿಕೊಂಡಿದೆ. ಕೆ.ಆರ್.ನಗರದ ಕಡೆ ಭತ್ತದ ಒಕ್ಕಣೆ ಕಾಲದ ಹೊಟ್ಟು, ರಾತ್ರಿ ಓಡಾಟದಲ್ಲಿ ಬಡಿಯುವ ಹುಳು ಎಲ್ಲ ಅದರ ಸಂದಿನಲ್ಲಿ ಸೇರಿರುತ್ತವೆ. ಮೆಲ್ಲನೆ ನೀರು ಬಿಟ್ಟು ತೊಳೆದರೆ ಸಾಕು; ಜೋರು ಪ್ರೆಷರ್ ಬಿಟ್ಟರೆ ತೆಳು ರೆಕ್ಕೆಗಳು ಮಡಚಿ ಇನ್ನಷ್ಟು ಕೆಡುತ್ತವೆ. ತಂಪಿದೆ, ಗಾಳಿಯೇ ಬರುತ್ತಿಲ್ಲ ಎಂದರೆ ಕಾಯಿಲ್ ಕೊಳೆಯಾಗಿರಬಹುದು. ಕ್ಯಾಬಿನ್ ಫಿಲ್ಟರ್ ಇಲ್ಲದ ಹಳೆಯ ಗಾಡಿಗಳಲ್ಲಿ ರಸ್ತೆಯ ಧೂಳು, ತಂಬಾಕು ಸೊಪ್ಪಿನ ಪುಡಿ ನೇರ ಅಲ್ಲಿಗೇ ಹೋಗಿ ಕೂರುತ್ತದೆ. ಕಾಲಡಿ ನೀರು ಸೋರಿದರೆ ಡ್ರೈನ್ ಪೈಪ್ ಬಿಡಿಸಿದರಾಯಿತು. ಮುಂದೆ ತಂಪಿದ್ದು ಹಿಂದೆ ಮಾತ್ರ ಇಲ್ಲವಾದರೆ ಹಿಂದಿನ ಬ್ಲೋವರ್, ಹಿಂದಿನ ವಾಲ್ವ್ ನೋಡಿಸಿ. ಕಂಪ್ರೆಸರ್ ಬದಲಿಸಲು ಹಾಗೇ ಒಪ್ಪಿಕೊಳ್ಳಬೇಡಿ, ಎರಡಕ್ಕೂ ಇರುವುದು ಒಂದೇ ಕಂಪ್ರೆಸರ್.

ಗೇಜ್ ಹಾಕಿದಾಗ ನೀವೂ ಪಕ್ಕದಲ್ಲಿ ನಿಂತು ನೋಡಿ. ಕ್ವಾಲಿಸ್, ಟವೇರಾ ಕಾಲದ ಗಾಡಿಗಳಲ್ಲಿರುವುದು ಆರ್-134ಎ ಗ್ಯಾಸ್. 35 ಡಿಗ್ರಿ ಆಸುಪಾಸಿನ ಬಿಸಿಲಲ್ಲಿ ಸಾಮಾನ್ಯವಾಗಿ ನೀಲಿ ಗೇಜ್ 30ರಿಂದ 40, ಕೆಂಪು ಗೇಜ್ 200ರಿಂದ 250 ಪಿಎಸ್‌ಐ ತೋರಿಸಬೇಕು. ಎರಡೂ ಇಳಿದಿದ್ದರೆ ಗ್ಯಾಸ್ ಕಡಿಮೆ. ಎರಡೂ ಏರಿದ್ದರೆ ಗ್ಯಾಸ್ ಹೆಚ್ಚಾಗಿದೆ ಅಥವಾ ಕಂಡೆನ್ಸರ್‌ಗೆ ಗಾಳಿ ಸಾಲದು. ನೀಲಿ ಮೇಲೆದ್ದು ಕೆಂಪು ಕೆಳಗೇ ಉಳಿದರೆ ಆಗ ಮಾತ್ರ ಕಂಪ್ರೆಸರ್ ಮೇಲೆ ಅನುಮಾನ ಪಡಿ.

ಲೀಕು ಮುಚ್ಚಿದ ಮೇಲೆ ವ್ಯಾಕ್ಯೂಮ್ ಮಾಡಿಸಲೇಬೇಕು, ಅರ್ಧ ಗಂಟೆಯಾದರೂ ಪಂಪ್ ಓಡಲಿ. ಒಳಗಿನ ತೇವ ಕಡಿಮೆ ಒತ್ತಡದಲ್ಲಿ ತಣ್ಣಗಿರುವಾಗಲೇ ಕುದಿದು ಆವಿಯಾಗಿ ಹೊರಬರುತ್ತದೆ. ಅದು ಉಳಿದರೆ ವಾಲ್ವ್‌ನಲ್ಲಿ ಮಂಜುಗಡ್ಡೆಯಾಗಿ ಕಟ್ಟಿಕೊಳ್ಳುತ್ತದೆ, ಎಣ್ಣೆಯನ್ನೂ ಕೆಡಿಸುತ್ತದೆ. ಗ್ಯಾಸ್ ತುಂಬುವಾಗ ಅಂದಾಜು ಬೇಡ, ತೂಕ ಹಾಕಿ ತುಂಬಲಿ. ಅಗ್ಗದ ಕಲಬೆರಕೆ ಗ್ಯಾಸ್ ಹತ್ತಿರವೂ ಸುಳಿಯಬೇಡಿ. 2011ರಲ್ಲಿ ಇಂಥ ಕಲಬೆರಕೆಯಿಂದ ವಿಯೆಟ್ನಾಂ, ಬ್ರೆಜಿಲ್‌ಗಳಲ್ಲಿ ಶೈತ್ಯ ಕಂಟೇನರ್‌ಗಳು ಸಿಡಿದು ಕೆಲಸಗಾರರು ಪ್ರಾಣ ಕಳೆದುಕೊಂಡರು.

ಆರ್-134ಎ ಗ್ಯಾಸ್ ಬಯಲಿಗೆ ಹೋದರೂ ನಮಗೇ ನಷ್ಟ. ತೂಕಕ್ಕೆ ತೂಕ ಹೋಲಿಸಿದರೆ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 1,400 ಪಟ್ಟು ಹೆಚ್ಚು ಭೂಮಿಯನ್ನು ಬಿಸಿ ಮಾಡುತ್ತದೆ. ಇಂಥ ಅನಿಲಗಳನ್ನು ತಗ್ಗಿಸುವ 2016ರ ಕಿಗಾಲಿ ಒಪ್ಪಂದವನ್ನು ಭಾರತ 2021ರಲ್ಲಿ ಅಂಗೀಕರಿಸಿದೆ. ಹಳೆಯ ಗ್ಯಾಸನ್ನು ಗಾಳಿಗೆ ಬಿಡದೆ ಯಂತ್ರದಲ್ಲಿ ಹಿಡಿದಿಡುವ ಗ್ಯಾರೇಜ್ ಸಿಕ್ಕರೆ ಹತ್ತು ಕಿಲೋಮೀಟರ್ ದೂರವಾದರೂ ಅಲ್ಲಿಗೇ ಹೋಗಿ.

ಮಳೆಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಎಸಿ ಓಡಿಸಿ, ಸೀಲುಗಳು ಒಣಗದೆ ಉಳಿಯುತ್ತವೆ. ಗ್ಯಾರೇಜಿನ ಬಿಲ್ಲಿನಲ್ಲಿ ಲೀಕು ಎಲ್ಲಿತ್ತು, ಎಷ್ಟು ಗ್ರಾಂ ಗ್ಯಾಸ್ ತುಂಬಿದರು ಎಂದು ಬರೆಸಿಕೊಳ್ಳಿ.