ಪಟ್ಟು ಕಣ್ಣಿಗೆ ಕಂಡರೆ ಸಾಲದು

ಚಾಮರಾಜನಗರ, ಗುಂಡ್ಲುಪೇಟೆ, ಬಂಡೀಪುರದ ಕಡೆಯವರಿಗೆ ಕುಸ್ತಿ ಹೊಸದೇನಲ್ಲ. ಮೈಸೂರು ದಸರೆಯ ನಾಡಕುಸ್ತಿ ನೋಡಿ ಬರುವವರು ಬಹಳ. ವಿಜಯದಶಮಿಯಂದು ಅರಮನೆ ಅಂಗಳದಲ್ಲಿ ನಡೆಯುವ ವಜ್ರಮುಷ್ಟಿ ಕಾಳಗಕ್ಕೆ ಚಾಮರಾಜನಗರದ ಜಟ್ಟಿಗಳೂ ಹೋಗುತ್ತಾರೆ. ಈಗ ಮಕ್ಕಳು ಬ್ರೆಜಿಲಿಯನ್ ಜಿಯು-ಜಿಟ್ಸು ಪಟ್ಟುಗಳನ್ನು ಮೊಬೈಲಿನಲ್ಲಿ ನೋಡಿ, ಸಂಜೆ ಹಜಾರದಲ್ಲಿ ತಮ್ಮನ ಮೇಲೆ ಪ್ರಯೋಗಿಸುತ್ತಾರೆ. ತಂದೆ ತಾಯಂದಿರು ಎಚ್ಚರ ವಹಿಸಬೇಕಾದುದು ಇಲ್ಲಿ.

ಜಪಾನಿನ ಜೂಡೋ ಪಟು ಮಿತ್ಸುಯೊ ಮಯೆದಾ 1914ರಲ್ಲಿ ಬ್ರೆಜಿಲ್‌ಗೆ ಹೋದರು. ಅಲ್ಲಿ ಗ್ರೇಸಿ ಕುಟುಂಬದವರು ಈ ವಿದ್ಯೆಯನ್ನು ಬೆಳೆಸಿದರು. ನಮ್ಮ ಕುಸ್ತಿಯಲ್ಲಿ ಎದುರಾಳಿಯನ್ನು ಚಿತ್ ಮಾಡಿದರೆ ಗೆಲುವು. ಜಿಯು-ಜಿಟ್ಸುವಿನಲ್ಲಿ ಕೀಲು ತಿರುಚಿ ಅಥವಾ ಕತ್ತು ಒತ್ತಿ ಸೋಲೊಪ್ಪಿಸುವುದೇ ಮುಖ್ಯ.

ಕಣ್ಣಿಗೆ ಕಾಣದ್ದು

ಹೊಸಬರ ಕಣ್ಣು ಪಟ್ಟಿನ ಕೊನೆಯ ಕ್ಷಣವನ್ನು ಮಾತ್ರ ಹಿಡಿಯುತ್ತದೆ. ತೋಳು ಸಿಕ್ಕಿಬಿದ್ದದ್ದು ಕಾಣುತ್ತದೆ. ಅದಕ್ಕೆ ಮೊದಲು ಸೊಂಟ ಎಲ್ಲಿಗೆ ಸರಿಯಿತು, ಕಾಲು ಎಲ್ಲಿ ಊರಿತು ಎಂಬುದು ಕಾಣುವುದಿಲ್ಲ. ಆಗ ಹುಡುಗ ಯುಕ್ತಿಯ ಬದಲು ಬಲವನ್ನು ಬಳಸುತ್ತಾನೆ. ಮೊಣಕೈ, ಭುಜಗಳಿಗೆ ಪೆಟ್ಟಾಗುವುದು ಆಗಲೇ.

ನೋಡುವಾಗ ಮೂರು ಪ್ರಶ್ನೆ ಕೇಳಿಕೊಳ್ಳಲಿ. ಭಾರ ಯಾರ ಮೇಲಿದೆ? ಎದುರಾಳಿಯ ಯಾವ ಆಸರೆ ತಪ್ಪಿತು? ಅವನಿಗೆ ತಪ್ಪಿಸಿಕೊಳ್ಳುವ ದಾರಿ ಯಾವುದು? ಈ ಮೂರನ್ನೂ ತನ್ನ ಮಾತಿನಲ್ಲಿ ಹೇಳಲು ಬಂದರೆ ಪಟ್ಟು ಅರ್ಥವಾಯಿತೆಂದು ತಿಳಿಯಿರಿ. ನಂತರ ಗುರುಗಳ ಎದುರು ನಿಧಾನವಾಗಿ ಮಾಡಬೇಕು. ಮಾಡಬೇಕೆಂದ ಚಲನೆಗೂ ಮಾಡಿದ ಚಲನೆಗೂ ಇರುವ ವ್ಯತ್ಯಾಸವನ್ನು ಕಿರುಮೆದುಳು ತಿದ್ದುತ್ತಾ ಹೋಗುತ್ತದೆ. ಕಲಿತದ್ದು ಗಟ್ಟಿಯಾಗಲು ರಾತ್ರಿಯ ನಿದ್ರೆಯೂ ಬೇಕು.

ಕತ್ತಿನ ಪಟ್ಟು ಬೇಡ

ಕತ್ತಿನ ಎರಡೂ ಬದಿಯ ರಕ್ತನಾಳಗಳನ್ನು ಒತ್ತಿದರೆ ಸುಮಾರು 10 ಸೆಕೆಂಡಿನಲ್ಲಿ ಪ್ರಜ್ಞೆ ತಪ್ಪಬಹುದು. ಹೆಚ್ಚು ನೋವಿರುವುದಿಲ್ಲ, ಕೂಗಲೂ ಆಗದಿರಬಹುದು. ಆದ್ದರಿಂದ ಮನೆಯಲ್ಲಿ ಇದು ಬೇಡವೇ ಬೇಡ. ಕೈಯಿಂದ ತಟ್ಟಿದರೆ ಸೋಲೊಪ್ಪಿದಂತೆ. ತಟ್ಟಿದೊಡನೆ ಬಿಡುವುದೇ ಮೊದಲ ಪಾಠ. ವಜ್ರಮುಷ್ಟಿಯಲ್ಲೂ ತಲೆಯಿಂದ ರಕ್ತ ಚಿಮ್ಮಿದೊಡನೆ ಕಾಳಗ ನಿಲ್ಲುತ್ತದೆ.

ಪ್ರಜ್ಞೆ ತಪ್ಪಿದರೆ ಕೂಡಲೇ ಹಿಡಿತ ಬಿಡಿಸಿ. ಉಸಿರಾಡುತ್ತಿದ್ದರೆ ಪಕ್ಕಕ್ಕೆ ಮಲಗಿಸಿ, ಬಾಯಿಗೆ ನೀರು ಹಾಕಬೇಡಿ, 108ಕ್ಕೆ ಕರೆ ಮಾಡಿ. ಉಸಿರಾಟವಿಲ್ಲದಿದ್ದರೆ ಎದೆ ಒತ್ತಲು ಆರಂಭಿಸಿ. ಎಚ್ಚರವಾದರೂ ವೈದ್ಯರಿಗೆ ತೋರಿಸಿ. ಮುಂದಿನ ದಿನಗಳಲ್ಲಿ ಕತ್ತುನೋವು, ತೀವ್ರ ತಲೆನೋವು, ಮಾತು ತೊದಲುವುದು ಅಥವಾ ಕೈಕಾಲಿನ ಬಲಹೀನತೆ ಕಂಡರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ಕತ್ತಿನ ರಕ್ತನಾಳ ಒಳಗೆ ಸೀಳಿದ್ದರೆ ಪಾರ್ಶ್ವವಾಯು ಆಗಬಹುದು. ಕೀಲು ತಪ್ಪಿದ್ದರೆ ಯಾರಿಂದಲೂ ಎಳೆಸಬೇಡಿ.

ಮಕ್ಕಳ ಆಸಕ್ತಿಯನ್ನು ಗದರಿಸಿ ಅಡಗಿಸುವುದೂ ಸರಿಯಲ್ಲ. ಹತ್ತಿರದಲ್ಲಿ ಗರಡಿ ಮನೆಯೋ ತರಬೇತುದಾರರೋ ಇದ್ದರೆ ಅಲ್ಲಿಗೆ ಸೇರಿಸಿ. ಬೀಳುವುದನ್ನು, ಬಿಡುವುದನ್ನು ಮೊದಲು ಕಲಿಯಲಿ, ಹಿಡಿಯುವುದು ಆಮೇಲೆ.