ಒಂದೇ ಹಳದಿ, ಎರಡು ಅರ್ಥ

ನಮ್ಮ ಮಾಮಾ ಲಕ್ಷ್ಮೇಶ್ವರದ ಹತ್ತಿರ ಹೊಲ ಮಾಡುತ್ತಾರೆ. ಕಳೆದ ಬೇಸಿಗೆ ರಜೆಯಲ್ಲಿ ಗದಗ ಜಿಲ್ಲೆಗೆ ಗುಡುಗು-ಮಳೆಯ ‘ಹಳದಿ ಎಚ್ಚರಿಕೆ’ ಇದೆಯೆಂದು ಮೊಬೈಲ್‌ನಲ್ಲಿ ನೋಡಿ ಅವರಿಗೆ ಫೋನ್ ಮಾಡಿದೆ. “ಹಳದಿ ಅಲ್ಲೇನು? ಕೆಂಪು ಬಂದಾಗ ಹೇಳು, ಮನೀಗೆ ಹೋಗತೀನಿ” ಎಂದು ನಕ್ಕರು. ಅಸರ್ ನಮಾಜಿನ ಹೊತ್ತಿಗೆ ಪಕ್ಕದ ಹೊಲದ ಬೇವಿನ ಮರಕ್ಕೆ ಸಿಡಿಲು ಹೊಡೆಯಿತು. ಅಲ್ಲಾಹನ ದಯೆ, ಮರದ ಕೆಳಗೆ ಯಾರೂ ಇರಲಿಲ್ಲ. ಆ ದಿನದಿಂದ ನಾನು ಈ ಬಣ್ಣಗಳ ಬಗ್ಗೆ ಓದತೊಡಗಿದೆ. ತಿಳಿದದ್ದನ್ನು ಇಲ್ಲಿ ಹೇಳುತ್ತೇನೆ.

ಭಾರತೀಯ ಹವಾಮಾನ ಇಲಾಖೆ ನಾಲ್ಕು ಬಣ್ಣ ಬಳಸುತ್ತದೆ. ಹಸಿರು ಎಂದರೆ ಎಚ್ಚರಿಕೆ ಇಲ್ಲ. ಹಳದಿ ಎಂದರೆ ಗಮನವಿಡಿ. ಕಿತ್ತಳೆ ಎಂದರೆ ಸಿದ್ಧರಾಗಿರಿ. ಕೆಂಪು ಎಂದರೆ ಕೂಡಲೇ ಕ್ರಮ ಕೈಗೊಳ್ಳಿ. ದಿನದ ಮುನ್ಸೂಚನೆಯಲ್ಲಿ ಈ ಬಣ್ಣ ಇಡೀ ಜಿಲ್ಲೆಗೆ ಸೇರಿದ್ದು. ಬೇಸಿಗೆಯ ಗುಡುಗು-ಮೋಡವಾದರೋ ಸಣ್ಣದು. ಮುಂಡರಗಿಯಲ್ಲಿ ಮಳೆ ಸುರಿಯುವಾಗ ಬೆಟಗೇರಿಯಲ್ಲಿ ಬಿಸಿಲು ಇರಬಹುದು. ಆದರೆ ಹಳದಿ ದಿನದ ಸಿಡಿಲೂ ಕೆಂಪು ದಿನದ ಸಿಡಿಲಿನಷ್ಟೇ ಕೊಲ್ಲುತ್ತದೆ. ಮಾಮಾ ತಪ್ಪು ತಿಳಿದದ್ದು ಇದನ್ನೇ.

ಮಾರ್ಚ್‌ನಿಂದ ಮೇವರೆಗೆ ನಮ್ಮ ಬಯಲು ನೆಲ ಕಾಯುತ್ತದೆ. ಸಮುದ್ರದ ಕಡೆಯಿಂದ ಬಂದ ತೇವದ ಗಾಳಿ ಬಿಸಿಯಾಗಿ ಮೇಲೇರಿ, ಹತ್ತು ಕಿಲೋಮೀಟರಿಗೂ ಎತ್ತರದ ಮೋಡವಾಗುತ್ತದೆ. ಅದರೊಳಗೆ ಮಂಜಿನ ಕಣಗಳು ಒಂದಕ್ಕೊಂದು ತಾಕಿ ವಿದ್ಯುತ್ ಆವೇಶ ಹುಟ್ಟುತ್ತದೆ. ನೆಲ ಕಾಯಲು ಹೊತ್ತು ಬೇಕಾದ್ದರಿಂದ ಅಡ್ಡಮಳೆ ಹೆಚ್ಚಾಗಿ ಮಧ್ಯಾಹ್ನದ ನಂತರವೇ ಬರುತ್ತದೆ. ಹೊಲದವರು, ಕುರಿ ಕಾಯುವವರು, ಕ್ರಿಕೆಟ್ ಆಡುವ ನಾವು, ಎಲ್ಲರೂ ಹೊರಗಿರುವ ಹೊತ್ತದು.

ಗಾಳಿಯ ಎಚ್ಚರಿಕೆಯಲ್ಲೂ ಹಳದಿ ಇದೆ, ಆದರೆ ಅದರ ಅರ್ಥ ಬೇರೆ. ವಾಯು ಗುಣಮಟ್ಟ ಸೂಚ್ಯಂಕದಲ್ಲಿ 50ರವರೆಗೆ ಉತ್ತಮ, 100ರವರೆಗೆ ತೃಪ್ತಿಕರ. 101ರಿಂದ 200 ಹಳದಿ: ಅಸ್ತಮಾ, ಹೃದಯದ ಕಾಯಿಲೆ ಇದ್ದವರಿಗೆ ತೊಂದರೆಯಾಗಬಹುದು. 201 ದಾಟಿದರೆ ಕಿತ್ತಳೆ, 301 ದಾಟಿದರೆ ಕೆಂಪು. ಗದಗದ ಪಂಚಾಲ ನಗರದಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾಪನ ಕೇಂದ್ರವಿದೆ. ಅದರ ಅಂಕಿಯನ್ನು ‘ಸಮೀರ್’ ಆ್ಯಪ್‌ನಲ್ಲಿ ನೋಡಬಹುದು.

ಮುಖ್ಯ ವ್ಯತ್ಯಾಸ ಸಮಯದ್ದು. ಸಿಡಿಲಿನ ಎಚ್ಚರಿಕೆ ಮುಂದಿನ ಗಂಟೆಗಳ ಮಾತು. ಗಾಳಿಯ ಸೂಚ್ಯಂಕದಲ್ಲಿ ದೂಳಿನ ಲೆಕ್ಕ ಹಿಂದಿನ 24 ಗಂಟೆಗಳ ಸರಾಸರಿ. ಮಳೆಗೆ ಮುಂಚೆ ಮೋಡದಿಂದ ತಣ್ಣನೆಯ ಗಾಳಿ ಕೆಳಗಿಳಿದು ನೆಲದ ಮೇಲೆ ಹರಡುತ್ತದೆ, ಹರಗಿಬಿಟ್ಟ ಹೊಲಗಳ ಮಣ್ಣನ್ನು ಎಬ್ಬಿಸುತ್ತದೆ. ಇಪ್ಪತ್ತು ನಿಮಿಷದ ಆ ದೂಳು 24 ಗಂಟೆಯ ಸರಾಸರಿಯಲ್ಲಿ ಕರಗಿಹೋಗುತ್ತದೆ. ಹಾಗಾಗಿ ಅಸ್ತಮಾ ಇರುವ ಗೆಳೆಯರು ಅಂಕಿ ಏರಲೆಂದು ಕಾಯಬಾರದು. ದೂಳು ಕಂಡ ಕೂಡಲೇ ಒಳಗೆ ಬನ್ನಿ, ಕಿಟಕಿ ಮುಚ್ಚಿ, ಇನ್‌ಹೇಲರ್ ಕೈಯಲ್ಲಿರಲಿ.

ಸಿಡಿಲಿಗೂ ಹಾಗೆಯೇ ಕಣ್ಣು-ಕಿವಿ ಸಾಕು. ಮಿಂಚು ಕಂಡಾಗಿನಿಂದ ಗುಡುಗು ಕೇಳುವವರೆಗೆ ಎಣಿಸಿ; ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ದೂರ. ಮೂವತ್ತು ಎಣಿಸುವುದರೊಳಗೆ ಗುಡುಗಿದರೆ ಪಕ್ಕಾ ಕಟ್ಟಡಕ್ಕೋ ಬಸ್ಸಿನೊಳಕ್ಕೋ ಹೋಗಿ. ಕೊನೆಯ ಗುಡುಗಿನ ನಂತರವೂ ಅರ್ಧ ಗಂಟೆ ಹೊರಗೆ ಬರಬೇಡಿ. ಮರದ ಕೆಳಗೆ ನಿಲ್ಲಲೇಬೇಡಿ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ 20 ಮತ್ತು 40 ಕಿಲೋಮೀಟರ್ ವ್ಯಾಪ್ತಿಯ ಸಿಡಿಲನ್ನು ತೋರಿಸುತ್ತದೆ. ಸಿಡಿಲು ತಗುಲಿದವರನ್ನು ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ. ಉಸಿರಿಲ್ಲದಿದ್ದರೆ ಎದೆ ಒತ್ತುತ್ತಾ 108ಕ್ಕೆ ಕರೆ ಮಾಡಿಸಿ.

ಕುರ್‌ಆನಿನ ಹದಿಮೂರನೆಯ ಸೂರಾದ ಹೆಸರೇ ‘ಅರ್-ರಅದ್’, ಅಂದರೆ ಗುಡುಗು. ಗುಡುಗು ಕೇಳಿದಾಗ ನಮ್ಮ ಅಮ್ಮಿ ದುವಾ ಓದುತ್ತಾರೆ. ಈಗ ಓದುತ್ತಲೇ ಅಂಗಳದಲ್ಲಿ ಆಡುವ ಮಕ್ಕಳನ್ನೂ ಒಳಗೆ ಕರೆಯುತ್ತಾರೆ. ಮಾಮಾ ಕೂಡ ಬದಲಾಗಿದ್ದಾರೆ. ಮಧ್ಯಾಹ್ನ ಮೋಡ ಕಟ್ಟಿದರೆ ಅವರದೇ ಫೋನ್ ಬರುತ್ತದೆ: “ಬಣ್ಣ ಯಾವುದರೆ ಇರಲಿ, ಸಿಡಿಲು ಎಲ್ಲೈತಿ ನೋಡಿ ಹೇಳು.”